ಸಕ್ಕರೆ ಚೀಲದಲ್ಲಿ ಹೋದ ನೋಟಿಸು

ಮೊಮ್ಮಗಳು ಹುಟ್ಟಿದಳು. ಬೆಳಗಿನ ಜಾವ, ಕೋಳಿ ಕೂಗೋ ಹೊತ್ತಿಗೆ. ತಲೆ ತುಂಬ ಕೂದಲು, ಬಿಗಿ ಮುಷ್ಟಿ, ಗಂಟಲಂತೂ ಕೇಳಬೇಡಿ. ತಾಯಿ ಮಗು ಇಬ್ಬರೂ ಆರಾಮ. ಸೂಲಗಿತ್ತಿ ಬಾಗಿಲು ತೆಗೆದು "ಅಜ್ಜ ಆದ್ರಿ" ಅಂದಾಗ ನನಗಿನ್ನೂ ನಲವತ್ತಮೂರೋ ನಲವತ್ತನಾಲ್ಕೋ. ಹಿತ್ತಲಿಗೆ ಹೋಗಿ ಎಮ್ಮೆಗೆ ಹೇಳಿದೆ. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಪಕ್ಕದ ಮನೆಯಾಕೆಗೆ ಹೇಳಿದೆ. ಬೇಲಿಯಾಚೆ ಹೋಗುತ್ತಿದ್ದ ಹಾಲಿನವನನ್ನ ನಿಲ್ಲಿಸಿ ಹೇಳಿದೆ. ಅವನು ಗಂಡೋ ಹೆಣ್ಣೋ ಅಂತ ಕೇಳದೆ ಹೊರಟುಬಿಟ್ಟ. ಹಿಂದೆಯೇ ಓಡಿ ಅದನ್ನೂ ಹೇಳಿ ಬಂದೆ.

ಇದು ಅರವತ್ತರ ದಶಕದ ಮಾತು. ಇವತ್ತು ಬರೆಯೋಕೆ ಕೂತಿದ್ದೀನಿ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಗ ನಾನು ಸಾಗರ ಪೇಟೆಯಾಚೆ ಒಂದು ಸಣ್ಣ ಪುರಸಭೆಯಲ್ಲಿ ಜವಾನ. ಊರ ಹೆಸರು ಬರೆಯೋದಿಲ್ಲ. ಆ ಕಾಲದ ಅಧ್ಯಕ್ಷರ ಮಕ್ಕಳು ಮೊಮ್ಮಕ್ಕಳು ಈಗಲೂ ಸಂತೆಯಲ್ಲಿ ಸಿಕ್ಕರೆ ನಿಂತು ಮಾತಾಡಿಸ್ತಾರೆ, ಅದನ್ನ ಯಾಕೆ ಕೆಡಿಸಿಕೊಳ್ಳಲಿ. ಅಧ್ಯಕ್ಷರೂ ಒಬ್ಬಿಬ್ಬರಲ್ಲ. ನಮ್ಮಲ್ಲಿ ಅಧ್ಯಕ್ಷರು ಬೀಳುತ್ತಿದ್ದದ್ದು ಹಲಸಿನಹಣ್ಣು ಬಿದ್ದ ಹಾಗೆ: ಯಾವಾಗ ಅಂತ ಗೊತ್ತಾಗೋಲ್ಲ, ಬಿದ್ದಮೇಲೆ ಊರಿಗೆಲ್ಲ ವಾಸನೆ.

ಪುರಸಭೆ ಕೆಲಸ ಅಂದರೆ ಬೀದಿ ದೀಪ, ನಲ್ಲಿ, ಚರಂಡಿ, ಗದ್ದೆಗೆ ನುಗ್ಗಿದ ದನ ಕಟ್ಟಿಹಾಕೋ ದೊಡ್ಡಿ. ಯಾರು ಅಧ್ಯಕ್ಷರಾದರೂ ಚರಂಡಿ ಹರಿಯುತ್ತಿದ್ದದ್ದು ಅದೇ ಕಡೆಗೆ. ತಿರುಗುತ್ತಿದ್ದದ್ದು ಕುರ್ಚಿ ಮಾತ್ರ. ಒಬ್ಬರು ಪೂರ್ವಕ್ಕೆ ಮುಖ ಮಾಡಿ ಹಾಕಿಸಿದರು. ಅವರು ಬಿದ್ದರು ಅಂತ ಮುಂದಿನವರು ಉತ್ತರಕ್ಕೆ. ಮೂರನೆಯವರು ಬಾಗಿಲಿಗೆ ಬೆನ್ನು ಹಾಕಿ ಕೂರೋಲ್ಲ ಅಂದರು, ಬೆನ್ನ ಹಿಂದೆ ಯಾರು ಏನು ಮಾಡ್ತಾರೋ ಅಂತ. ಆ ಹೆದರಿಕೆ ಸರಿಯಾಗೇ ಇತ್ತು, ಮಾಡಿದವರು ಮಾತ್ರ ಎದುರಿಗೇ ಕೂತಿದ್ದರು. ಕುರ್ಚಿ ಹೊತ್ತು ಹೊತ್ತು ನನ್ನ ಭುಜಕ್ಕೆ ದಿಕ್ಕು ಬಾಯಿಪಾಠವಾಗಿತ್ತು. ಗೋಡೆಯ ಹಲಗೆ ಮೇಲೆ ಅಧ್ಯಕ್ಷರ ಹೆಸರು ಬರೆಯೋ ಪೇಂಟರ್ ಒಂದು ಸಲ ಬ್ರಷ್ ಕೆಳಗಿಟ್ಟು, "ಇದು ಒಣಗೋತನಕ ಆದ್ರೂ ಇವರನ್ನ ಇರೋಕೆ ಹೇಳಿ ಮಾರಾಯ್ರೇ" ಅಂದಿದ್ದ.

ಅಧ್ಯಕ್ಷರನ್ನ ಇಳಿಸೋಕೆ ಅವಿಶ್ವಾಸದ ಮೀಟಿಂಗ್ ಆಗಬೇಕು. ಅದಕ್ಕೆ ಪ್ರತಿ ಮೆಂಬರಿಗೂ ನೋಟಿಸು ಮುಟ್ಟಿ ನನ್ನ ಟಪಾಲು ಪುಸ್ತಕದಲ್ಲಿ ಸೈನು ಬೀಳಬೇಕು. ಒಬ್ಬರದು ತಪ್ಪಿದರೂ ಅಧ್ಯಕ್ಷರ ಕಡೆಯವರು ತಕರಾರು ತೆಗೆಯುತ್ತಿದ್ದರು. ಅದಕ್ಕೇ ಅವರ ಪೈಕಿ ಒಬ್ಬರು ಅಡಗಿಕೊಳ್ಳೋದು, ನಾನು ಹುಡುಕೋದು. ಒಂದು ಸಲ ಸಿಗದವರ ಬಾಗಿಲಿಗೆ ಅನ್ನದ ಅಗುಳು ಮೆತ್ತಿ ನೋಟಿಸು ಅಂಟಿಸಿ ಬಂದೆ. ಅವರ ಮನೆ ದನ ಅಗುಳಿನ ಆಸೆಗೆ ನೆಕ್ಕಿ, ನೋಟಿಸನ್ನೂ ತಿಂದು ಮುಗಿಸಿತು. "ನೋಟಿಸು ಮುಟ್ಟಿದ್ದು ದನಕ್ಕೆ, ಅದನ್ನೇ ಮೀಟಿಂಗಿಗೆ ಕರೀರಿ" ಅಂದರು ಆ ಮೆಂಬರು. ಅವತ್ತಿನಿಂದ ನೋಟಿಸು ಕೈಗೇ ಕೊಡಬೇಕು ಅಂತ ಆಯ್ತು. ನೋಟಿಸು ಓಡಾಡೋ ದಿನಗಳಲ್ಲಿ ಜವಾನನಿಗೆ ರಜೆಯೂ ಇಲ್ಲ.

ಈ ರಜೆ ಸಿಗದೇ ಇದ್ದದ್ದರಿಂದಲೇ ನನ್ನ ಮನೆಗೆ ಬೆಂಕಿ ಬಿದ್ದಿದ್ದು.

ಮಗಳನ್ನ ಕೊಟ್ಟಿದ್ದು ತೀರ್ಥಹಳ್ಳಿಗೆ. ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಬೀಗರ ಮನೆ. ಗದ್ದೆ ಇತ್ತು, ಒಂದು ಅಕ್ಕಿ ಗಿರಣಿಯೂ ಇತ್ತು. ಒಳ್ಳೆ ಮನುಷ್ಯರು, ಆದರೆ ಮಾತು ಅಂದರೆ ಮಾತು. ಮದುವೆ ಆದ ವರ್ಷದ ಹಬ್ಬಕ್ಕೆ ಕರೆದರು. ಬರ್ತೀನಿ ಅಂದೆ, ಅಧ್ಯಕ್ಷರು ಬಿದ್ದರು, ಹೋಗಲಾಗಲಿಲ್ಲ. ಗಿರಣಿಯ ಪೂಜೆಗೆ ಕರೆದರು. ಚೀಲ ಹಿಡಿದು ಹೊರಟಿದ್ದೆ, ಮತ್ತೆ ಬಿದ್ದರು. ಅವರ ಕಿರಿ ಮಗಳ ನಿಶ್ಚಿತಾರ್ಥಕ್ಕೆ ಕರೆದರು. ಈ ಸಲ ಬಸ್ಸು ಹತ್ತಿ ಕೂತಿದ್ದೆ. ಪುರಸಭೆಯ ಚೀಫ್ ಆಫೀಸರು ಸೈಕಲ್ಲಲ್ಲಿ ಬಂದು ಇಳಿಸಿಕೊಂಡು ಹೋದರು.

ಬೀಗರು ಹೇಳಿ ಕಳಿಸಿದರು: "ಅಧ್ಯಕ್ಷರು ಬೀಳೋದು ನಮ್ಮನೆ ಕಾರ್ಯದ ದಿನವೇನಾ? ಬರೋಕೆ ಮನಸ್ಸಿಲ್ಲ ಅಂತ ನೆಟ್ಟಗೆ ಹೇಳ್ಲಿ. ನಮ್ಮ ಹೊಸಿಲು ತುಳಿಯದವರ ಹೊಸಿಲು ನಾವೂ ತುಳಿಯೋದಿಲ್ಲ."

ಮಗಳ ಬಯಕೆ ಊಟಕ್ಕೆ ಅವರು ಬರಲಿಲ್ಲ. ಅಳಿಯನನ್ನೂ ಕಳಿಸಲಿಲ್ಲ. ಮಗಳು ಜಗಳ ಆಡುವವಳಲ್ಲ. ದಿನ ತುಂಬಿದ ಹೊಟ್ಟೆ ಹೊತ್ತುಕೊಂಡು ಒಂದೇ ಒಂದು ಮಾತು ಕೇಳಿದ್ದಳು, "ಅಪ್ಪಯ್ಯ, ಮಗು ನೋಡೋಕಾದ್ರೂ ಅವ್ರು ಬರ್ತಾರಾ?"

ನಮ್ಮ ಕಡೆ ಚೊಚ್ಚಲ ಮಗುವಿನ ಸುದ್ದಿಯನ್ನ ತಾಯಿಯ ಅಪ್ಪನೇ ಸಕ್ಕರೆ ತಗೊಂಡು ಹೋಗಿ ಬೀಗರಿಗೆ ಹೇಳಬೇಕು. ನನ್ನ ಹೆಂಡತಿ ಬಿಳಿ ಅಂಗಿ, ಪಂಚೆ, ಚೀಲದ ತುಂಬ ಸಕ್ಕರೆ ಪೊಟ್ಟಣ ಎದುರಿಗಿಟ್ಟು, "ಅಧ್ಯಕ್ಷರಲ್ಲ, ಆಕಾಶವೇ ಬೀಳ್ಲಿ, ಇವತ್ತು ನೀವು ಹೋಗ್ಬೇಕು. ಅವರನ್ನ ಕರ್ಕೊಂಡೇ ಬರ್ಬೇಕು" ಅಂದಳು.

ರಜೆ ಕೇಳೋಕೆ ಚೀಫ್ ಆಫೀಸರ ಮನೆಗೆ ಹೋದೆ. ಸಕ್ಕರೆ ಬಾಯಿಗೆ ಹಾಕಿಕೊಂಡು "ಒಳ್ಳೇದಾಗ್ಲಿ" ಅಂದರು. ಆಮೇಲೆ "ಎಲ್ಲಿಗೆ, ತೀರ್ಥಹಳ್ಳಿಗಾ?" ಅಂತ ಕೇಳಿ ಒಳಗೆ ಹೋದರು. ಬರುವಾಗ ಕೈಯಲ್ಲಿ ನೋಟಿಸು.

ಆ ವಾರ ಐದನೇ ಅಧ್ಯಕ್ಷರನ್ನ ಇಳಿಸೋ ಏರ್ಪಾಟು ನಡೆದಿತ್ತು. ಎಲ್ಲರಿಗೂ ನೋಟಿಸು ಮುಟ್ಟಿ ಒಬ್ಬರು ಉಳಿದಿದ್ದರು. ಅವರು ಬೇರೆ ಯಾರೂ ಅಲ್ಲ, ನನ್ನ ಬೀಗಿತಿಯ ಸ್ವಂತ ಅಣ್ಣ. ಮಗಳ ಸಂಬಂಧ ಕುದುರಿಸಿದವರೂ ಅವರೇ. ಮೂರು ದಿನದಿಂದ ನಾಪತ್ತೆ. ತಂಗಿ ಮನೆಗಲ್ಲದೆ ಇನ್ನೆಲ್ಲಿಗೆ ಹೋಗ್ತಾರೆ ಅಂತ ಊರಿಗೆಲ್ಲ ಗೊತ್ತು.

"ಇವತ್ತೇ ಕಡೇ ದಿನ," ಅಂದರು ಸಾಹೇಬರು.

"ಸಾರ್, ನಾನು ಮಗು ಹುಟ್ಟಿದ ಸುದ್ದಿ ಹೇಳೋಕೆ ಹೋಗ್ತಿದ್ದೀನಿ."

"ಹೇಳು, ಬೇಡ ಅಂದೋರ್ಯಾರು. ಸುದ್ದಿ ಹೇಳು, ನೋಟಿಸೂ ಕೊಡು. ರಜೆ ಯಾಕೆ, ಡ್ಯೂಟಿ ಅಂತಲೇ ಬರ್ಕೊಳ್ತೀನಿ. ಡವಾಲಿ ಮರೀಬೇಡ. ಇಲ್ದೆ ಕೊಟ್ರೆ ಅವರು ಅದನ್ನೇ ಹಿಡ್ಕೊಳ್ತಾರೆ."

ಡವಾಲಿ ಅಂದರೆ ಹಿತ್ತಾಳೆ ಬಿಲ್ಲೆ ಇರೋ ಕೆಂಪು ಪಟ್ಟಿ, ಜವಾನನ ಎದೆ ಮೇಲೆ ಅಡ್ಡಕ್ಕೆ ಹಾಕೋದು. ಅದನ್ನ ಮಡಚಿ ನೋಟಿಸಿನ ಜೊತೆ ಸಕ್ಕರೆ ಚೀಲದ ತಳಕ್ಕೆ ತುರುಕಿದೆ. ಸಕ್ಕರೆ ಕೊಟ್ಟ ಕೈಯಲ್ಲೇ ನೋಟಿಸು ತೆಗೆದರೆ ಬೀಗರು ಏನಂದಾರು? ಬಂದಿದ್ದು ಆಫೀಸಿನ ಕೆಲಸಕ್ಕೆ, ಮಗು ಬರೀ ನೆವ ಅಂತಾರೆ. ಆಮೇಲೆ ಈ ಜನ್ಮದಲ್ಲಿ ನಮ್ಮನೆಗೆ ಬರೋದಿಲ್ಲ. ತೆಗೆಯದಿದ್ದರೆ ನನ್ನ ಕೆಲಸ ಉಳಿಯೋಲ್ಲ.

ಆದರೂ ಈ ಯೋಚನೆ ಬಹಳ ಹೊತ್ತು ನಿಲ್ಲಲಿಲ್ಲ, ಬಸ್ಸಲ್ಲಿ ಜನ ಇದ್ದರಲ್ಲ. ಕಂಡಕ್ಟರ್ "ಎಲ್ಲಿಗೆ?" ಅಂದ. "ಹೆಣ್ಣು ಮಗು" ಅಂದೆ. ಸಾಗರದಲ್ಲಿ ಬಸ್ಸು ಬದಲಿಸುವಾಗ ಗುರುತಿಲ್ಲದ ಇಬ್ಬರಿಗೆ ಸಕ್ಕರೆ ಕೊಟ್ಟೆ. ಹೊಸನಗರದಲ್ಲಿ ಮತ್ತೆ ಬಸ್ಸು ಬದಲಿ, ಹೋಟೆಲಿನವನಿಗೆ ಕೊಟ್ಟೆ. ಅವನು ಅದನ್ನ ನನ್ನ ಚಹಾಕ್ಕೇ ಹಾಕಿ ತಂದುಕೊಟ್ಟ. ತೀರ್ಥಹಳ್ಳಿ ಬರೋ ಹೊತ್ತಿಗೆ ಚೀಲ ಅರ್ಧಕ್ಕಿಳಿದು ಡವಾಲಿಯ ತುದಿ ಹೊರಗೆ ಇಣುಕುತ್ತಿತ್ತು.

ಬೀಗರು ಅಂಗಳದಲ್ಲಿ ಹಗ್ಗ ಹೊಸೆಯುತ್ತಾ ಕೂತಿದ್ದರು. ನನ್ನ ನೋಡಿ ಏಳಲಿಲ್ಲ.

"ಏನು ಬೀಗರು, ದಾರಿ ತಪ್ಪಿತಾ?"

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಹೆಣ್ಣು ಮಗು. ಬೆಳಗಿನ ಜಾವ. ತಲೆ ತುಂಬ ಕೂದ್ಲು" ಅಂದೆ, ಅಷ್ಟರಲ್ಲಿ ಕಣ್ಣಲ್ಲಿ ನೀರು. ಅವರ ಕೈಯಿಂದ ಹಗ್ಗ ಜಾರಿತು. ಬೀಗಿತಿ ಒಳಗಿಂದ ಓಡಿಬಂದರು. ಅಳಿಯ ಗಿರಣಿಯಿಂದ ಮೈಯೆಲ್ಲ ಹೊಟ್ಟು ಮೆತ್ತಿಕೊಂಡು ಬಂದವನು, ಸಕ್ಕರೆ ಬಾಯಿಗೆ ಹಾಕಿಕೊಂಡು ಹಾಗೇ ನಿಂತುಬಿಟ್ಟ. ಬೀಗರೂ ಕೈ ಚಾಚಿದರು. ಬಾಯಿಯವರೆಗೆ ಹೋದ ಕೈ ಅಲ್ಲೇ ನಿಂತಿತು, ಸಿಟ್ಟು ನೆನಪಾಯಿತು ಅಂತ ಕಾಣುತ್ತೆ.

"ಅಂತೂ ಇವತ್ತು ಅಧ್ಯಕ್ಷರು ಬೀಳಲಿಲ್ಲ."

ಹೌದು ಅಂದುಬಿಟ್ಟಿದ್ದರೆ ಮುಗಿದಿತ್ತು. ಮಗು ಹುಟ್ಟಿದ ದಿನ ಸುಳ್ಳು ಹೇಳೋಕೆ ನಾಲಿಗೆ ಬರಲಿಲ್ಲ.

"ಇಲ್ಲ ಬೀಗರೇ, ಬೀಳ್ಸೋ ನೋಟಿಸು ಈ ಚೀಲದಲ್ಲೇ ಇದೆ. ನಿಮ್ಮ ಭಾವನವ್ರಿಗೆ ಕೊಡ್ಬೇಕು. ನಾನು ಬಂದಿದ್ದು ಸಕ್ಕರೆ ಕೊಡೋಕೆ. ನೀವು ಬೇಡ ಅಂದ್ರೆ ನೋಟಿಸು ತೆಗೆಯೋದಿಲ್ಲ, ಕೆಲಸ ಹೋದ್ರೆ ಹೋಗ್ಲಿ. ಮಗು ನೋಡೋಕೆ ಮಾತ್ರ ಬರ್ಬೇಕು."

"ತೆಗೀರಿ, ನೋಡೋಣ."

ಕೊಟ್ಟೆ. ಅಂಟಿದ ಸಕ್ಕರೆ ಕೊಡವಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಸೀಲು ನೋಡಿದರು. ಮಗುಚಿ ಹಿಂದುಗಡೆಯೂ ನೋಡಿದರು.

"ಹಾಗಾದ್ರೆ ಬೀಳೋದು ನಿಜಾನಾ?"

"ನಿಜ."

"ಆ ಮೂರು ಸಲವೂ?"

ನಾನು ಬಾಯಿ ತೆರೆಯೋ ಮೊದಲೇ ಮನೆಯೊಳಗೆ, ಅಟ್ಟದ ಮೇಲಿಂದ ದನಿ ಬಂತು. "ಮೂರಲ್ಲ, ನಾಲ್ಕು. ಅದ್ರಲ್ಲಿ ಎರಡು ನಾನೇ ಬೀಳ್ಸಿದ್ದು."

ದನಿ ಬೀಗಿತಿಯ ಅಣ್ಣನದು. ಸೊಂಟನೋವು, ಯಾರು ಬಂದರೂ ಇಲ್ಲ ಅನ್ನಿ ಅಂತ ಹೇಳಿ ಮೂರು ದಿನದಿಂದ ಅಟ್ಟದಲ್ಲಿ ಮಲಗಿದ್ದವರು ಅವರು. ಪುರಸಭೆಯ ಗುಟ್ಟನ್ನ ಮನೆಯಲ್ಲಿ ಯಾವತ್ತೂ ಆಡಿದವರಲ್ಲ. ಒಬ್ಬರನ್ನ ಬೀಳಿಸಿದ್ದು ಗೊತ್ತಾದರೆ ಮುಂದಿನವರು ನಂಬೋಲ್ಲವಲ್ಲ. ಆದರೆ ಅಷ್ಟು ಕಷ್ಟಪಟ್ಟು ಮಾಡಿದ ಕೆಲಸದ ಲೆಕ್ಕ ತಪ್ಪುತ್ತಿದ್ದರೆ ಎಷ್ಟು ಹೊತ್ತು ಸುಮ್ಮನಿರೋದು.

ಬೀಗರು ನಗೋಕೆ ಶುರುಮಾಡಿದರು. ನಗುನಗುತ್ತಲೇ ಸಕ್ಕರೆ ಬಾಯಿಗೆ ಹಾಕಿಕೊಂಡು ಕೆಮ್ಮಿದರು. "ಭಾವ, ಇಳೀರಿ ಕೆಳಗೆ. ಈ ಪುಣ್ಯಾತ್ಮರನ್ನ ನಾನು ಎರಡು ವರ್ಷ ಸುಳ್ಳ ಅಂದ್ಕೊಂಡಿದ್ದೆ."

ಭಾವನವರು ಏಣಿ ಇಳಿದು ಬಂದರು, ತಲೆತುಂಬ ಜೇಡರಬಲೆ. ಸಕ್ಕರೆಗೆ ಕೈಯೊಡ್ಡಿ, "ಮಗು ಯಾರ ಹಾಗಿದೆ?" ಅಂದರು. ಮರುಕ್ಷಣ ಪುರಸಭೆಯ ದನಿಯಲ್ಲಿ, "ಡವಾಲಿ ಎಲ್ಲಿ? ಡವಾಲಿ ಇಲ್ದೆ ಕೊಟ್ಟ ನೋಟಿಸು ನಾನು ತಗೊಳ್ಳೋದಿಲ್ಲ."

ಬಿಳಿ ಅಂಗಿ ಮೇಲೆ ಡವಾಲಿ ಹಾಕಿಕೊಂಡೆ. ಸಕ್ಕರೆ ಉದುರಿ ಇರುವೆ ಸಾಲು ಬಂತು.

"ಆದ್ರೂ ಸೈನ್ ಹಾಕೋಲ್ಲ," ಅಂದರು. "ಇವತ್ತೊಂದು ದಿನ ಕಳೆದ್ರೆ ನಮ್ಮ ಅಧ್ಯಕ್ಷರು ಬಚಾವು. ಮೆಂಬರು ಸಿಗಲಿಲ್ಲ ಅಂತ ಬರ್ಕೊ."

ಬೀಗಿತಿ ಸೀರೆ ಬದಲಿಸಿಕೊಂಡು ಹೊರಗೆ ಬಂದವರು ಇದನ್ನ ಕೇಳಿಸಿಕೊಂಡರು. "ಅಣ್ಣ, ನಿನ್ನ ಅಧ್ಯಕ್ಷ ಇವತ್ತಲ್ದಿದ್ರೆ ನಾಳೆ ಬೀಳೋನೇ. ನನ್ನ ಮೊಮ್ಮಗಳು ಹುಟ್ಟಿದ್ದು ಇವತ್ತು. ನಾವೆಲ್ಲ ಈಗ ಹೊರಟ್ವಿ. ಸೈನ್ ಹಾಕಿದ್ರೆ ನೀನೂ ಬಾ. ಇಲ್ದಿದ್ರೆ ಸೌದೆ ಅಲ್ಲಿದೆ, ಅಕ್ಕಿ ಇಲ್ಲಿದೆ, ಗಂಜಿ ಕಾಯಿಸ್ಕೊಂಡು ಅಟ್ಟದಲ್ಲೇ ಇರು."

ಭಾವನವರು ಸೌದೆ ಕಡೆ ನೋಡಿದರು. ಒಲೆ ಹಚ್ಚಿ ಗೊತ್ತಿದ್ದವರಲ್ಲ. ಟಪಾಲು ಪುಸ್ತಕ ಎಳೆದುಕೊಂಡು ಸೈನ್ ಹಾಕಿದರು. "ಒಂದು ಹಸುಗೂಸು ಬಂದು ಅಧ್ಯಕ್ಷರನ್ನ ಇಳಿಸ್ತಲ್ಲ ಮಾರಾಯ" ಅಂತ ಪೆನ್ನು ವಾಪಸು ಕೊಟ್ಟರು. ಅಳಿಯ ಆಗಲೇ ಸ್ನಾನ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು ಬೇಲಿ ಬಾಗಿಲ ದಣಪೆ ಹತ್ತಿರ ನಿಂತಿದ್ದ.

ಹೊತ್ತು ಮುಳುಗೋ ಮೊದಲು ಊರು ತಲುಪಿದೆವು. ಚೀಫ್ ಆಫೀಸರು ಬಸ್ಸಿಗೇ ಕಾದಿದ್ದರು. ಪುಸ್ತಕ ಕಿತ್ತುಕೊಂಡು ಸೈನು ನೋಡಿ, ಸೈನು ಹಾಕಿದವರೇ ಬಸ್ಸಿಳಿಯೋದು ನೋಡಿ, ಏನೂ ತಿಳಿಯದೆ ಕೈಮುಗಿದರು. ಮೀಟಿಂಗು ನಡೆಯಿತು, ಅಧ್ಯಕ್ಷರು ಬಿದ್ದರು, ನಾನು ಮತ್ತೆ ಕುರ್ಚಿ ಹೊತ್ತೆ. ಅದೆಲ್ಲ ಆಮೇಲಿನ ವಾರದ್ದು.

ಅವತ್ತು ಬೀಗರು ನಮ್ಮ ಹೊಸಿಲ ಹತ್ತಿರ ಒಂದು ಗಳಿಗೆ ನಿಂತರು. ಒಳಗೆ ಮಗು ಅತ್ತಿತು. ನಾನು ಬನ್ನಿ ಅನ್ನೋಕೂ ಮೊದಲೇ ದಾಟಿದ್ದರು. ಕೋಣೆಯ ಬಾಗಿಲಲ್ಲಿ ನಿಂತು, "ತಪ್ಪಾಯ್ತು ಮಗಳೇ, ನಿಮ್ಮಪ್ಪಯ್ಯ ಹೇಳಿದ್ದೆಲ್ಲ ನಿಜ" ಅಂದರು. ಮಗಳು ಮಗುವನ್ನ ಬೆಳಕಿಗೆ ತಿರುಗಿಸಿ ತೋರಿಸಿದಳು. ಅಳಿಯನಿಗೆ ಎತ್ತಿಕೊಳ್ಳೋಕೆ ಬರಲಿಲ್ಲ, ಕಾಗದದ ಹೂವಿನ ಹಾಗೆ ಹಿಡಿದುಕೊಂಡ.

ನನ್ನ ಹೆಂಡತಿ ಬೆಳಗ್ಗೆಯೇ ಅಕ್ಕಿ ನೆನೆಸಿದ್ದಳು, ಬಂದೇ ಬರ್ತಾರೆ ಅಂತ. ಕಡುಬು, ಕೋಳಿ ಸಾರು. ಜಗಲಿಯಲ್ಲಿ ಒಂದೇ ಸಾಲಿಗೆ ಬಾಳೆಲೆ ಹಾಕಿದೆವು. ಗಂಡಸರು ಮೊದಲು ಅನ್ನೋ ಮಾತು ಬಂದಾಗ ಬೀಗಿತಿ ನನ್ನ ಹೆಂಡತಿಯ ಕೈಹಿಡಿದು ಎಳೆದು ಪಕ್ಕದಲ್ಲೇ ಕೂರಿಸಿಕೊಂಡರು. ಮಗಳಿಗೆ ಕೋಣೆಯಲ್ಲೇ ಮೆಣಸಿನ ಸಾರು ಅನ್ನ. ಅವಳೂ ಸಾಲಿನಲ್ಲಿದ್ದ ಹಾಗಾಗಲಿ ಅಂತ ಬಾಗಿಲು ಪೂರ್ತಿ ತೆಗೆದಿಟ್ಟೆವು.

"ಮುಂದಿನ ಅಧ್ಯಕ್ಷರು ಯಾರು ಭಾವ?" ಅಂತ ಕೇಳಿದರು ಬೀಗರು.

"ಊಟಕ್ಕೆ ಕೂತಾಗ ಕೇಳ್ಬೇಡಿ," ಅಂದರು ಭಾವನವರು, ಕೋಳಿ ಕಾಲು ಕಚ್ಚುತ್ತಾ. "ಇವ್ರು ಎದ್ದು ಡವಾಲಿ ಹಾಕ್ಕೊಂಡಾರು."

ಎಲ್ಲರೂ ನಕ್ಕರು. ಒಳಗಿಂದ ಮಗಳು ನಕ್ಕಿದ್ದೂ ಕೇಳಿಸಿತು. ಬೀಗರು ಐದನೇ ಕಡುಬಿಗೆ ಎಲೆ ಮುಂದೆ ಸರಿಸಿದರು. ನನ್ನ ಹೆಂಡತಿ ಕೂತಲ್ಲಿಂದಲೇ ಕೈ ಚಾಚಿ ಎರಡು ಹಾಕಿ, ಮೇಲೆ ಸಾರು ಸುರಿದಳು.