ಅಳು ತುಂಬಿಕೊಂಡು ಬಂದ ಕಾಕಾ

ನಮ್ಮ ಮಲ್ಲೇಶಿ ಕಾಕಾ ಸೆಲ್ಲುಗಳನ್ನು ಕಚ್ಚುತ್ತಿದ್ದ. ಟೇಪ್ ರೆಕಾರ್ಡರಿನಲ್ಲಿ ಹಾಡುವವರ ದನಿ ದಪ್ಪಗಾಗಿ ಎಳೆಯತೊಡಗಿದರೆ ಸಾಕು, ಅದರ ಬೆನ್ನಿನ ಮುಚ್ಚಳ ತೆಗೆದು, ಒಂದೊಂದೇ ಸೆಲ್ಲನ್ನು ದವಡೆಗೆ ಇಟ್ಟು ಕಟಕ್ಕನೆ ಒತ್ತಿ, ಧೋತರಕ್ಕೆ ಒರೆಸಿ ಮತ್ತೆ ಒಳಗೆ ಕೂರಿಸುತ್ತಿದ್ದ. "ಇನ್ನೊಂದ ತಾಸು ಹಾಡ್ತೈತಿ ನೋಡು," ಎನ್ನುತ್ತಿದ್ದ. ಹಾಡುತ್ತಲೂ ಇತ್ತು. ಕಚ್ಚಿದರೂ ಏಳದಷ್ಟು ಇಳಿದ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಡುವ ಕೆಲಸ ನನ್ನದು. ಎಲೆ ತಂಬಾಕಿನ ಎಂಜಲು ಒಣಗಿ ಅಂಟಿದ, ಹಲ್ಲಿನ ಗುರುತು ಬಿದ್ದ ಆ ಸೆಲ್ಲುಗಳನ್ನು ನಾನು ಹಳೇ ಬಟ್ಟೆಯ ಚೂರಿನಲ್ಲಿ ಹಿಡಿದು ಒಯ್ಯುತ್ತಿದ್ದೆ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಇಂಡಿಯಲ್ಲಿ ಲಿಂಬೆಹಣ್ಣಿನ ವ್ಯಾಪಾರ ಅವನದು. ಎಪ್ಪತ್ತರ ದಶಕದ ಕೊನೆಯಲ್ಲಿ ಅಣ್ಣನ ಮಗಳಾದ ನಾನು ಓದಲೆಂದು ಅವನ ಮನೆಯಲ್ಲಿದ್ದೆ. ಮುಂಬಯಿಯಲ್ಲಿ ಲಿಂಬೆ ಇಳಿಸಿ ಬಂದ ಲಾರಿಯ ಡ್ರೈವರು ಒಮ್ಮೆ ಆ ಯಂತ್ರ ತಂದುಕೊಟ್ಟ. ಇಟ್ಟಿಗೆಗಿಂತ ತುಸು ಉದ್ದ, ಚಪ್ಪಟೆ, ಒಂದು ತುದಿಯಲ್ಲಿ ಒತ್ತುವ ಗುಂಡಿಗಳ ಸಾಲು, ತೊಗಲಿನ ಚೀಲ. ಆ ದಿನದಿಂದ ಅದು ಅವನ ಬಗಲು ಬಿಡಲಿಲ್ಲ. ಬಸ್ಸಿನಲ್ಲಿ ಸಿಂದಗಿಗೆ ಹೋದರೂ ಅದು, ಬಯಲಿಗೆ ಹೋದರೂ ಅದು.

ಬಂದವರೆದುರು ಅದರ ಗುಣಗಾನ ನಡೆಯುತ್ತಿತ್ತು. "ಕರೆಂಟ್ ಬೇಡಂಗಿಲ್ಲ. ಬಗಲಾಗ ಹಾಕ್ಕೊಂಡು ಎಲ್ಲಿ ಬೇಕಲ್ಲಿ ಹೋಗ್ರಿ. ಹಾಡತೈತಿ, ಮ್ಯಾಲ ನೀವು ಹಾಡಿದ್ದನ್ನ ತುಂಬ್ಕೋತೈತಿ. ರೇಡಿಯೋ ಏನ್ರಿ, ತನ್ನದಷ್ಟ ಹೇಳತೈತಿ. ಇದು ನಾವು ಹೇಳಿದಂಗ ಕೇಳತೈತಿ!" ಅವಗುಣಗಳನ್ನೂ ಮುಚ್ಚಿಡುತ್ತಿರಲಿಲ್ಲ. ಸೆಲ್ಲು ತಿನ್ನುತ್ತದೆ, ನಮ್ಮ ಕಡೆಯ ಧೂಳು ಬಿಸಿಲಿಗೆ ರೀಲನ್ನು ನುಂಗಿ ಗೋಜಲು ಮಾಡುತ್ತದೆ, ಪೆನ್ಸಿಲ್ ತೂರಿಸಿ ಸುತ್ತುತ್ತ ಕೂರಬೇಕು. ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಆರಿಸಿಕೊಳ್ಳಲು ಬರುವುದಿಲ್ಲ. ಭಜನೆ ತುಂಬಲು ಇಟ್ಟರೆ ಪಕ್ಕದವನ ತೇಗು, ಕೋಳಿಯ ಕೂಗು ಎಲ್ಲವನ್ನೂ ತುಂಬಿಕೊಂಡು ಬರುತ್ತದೆ.

ಒಳಗಿನಿಂದ ಅವನ ಹೆಂಡತಿ, ನಮ್ಮ ಕಾಕು ಅನ್ನುತ್ತಿದ್ದಳು, "ಅದಕ್ಕ ಕಿವಿ ಅದಾವು, ಬುದ್ಧಿ ಇಲ್ಲ. ಥೇಟ್ ನಿಮ್ಮಂಗ."

ಕಾಕಾ ನಕ್ಕುಬಿಡುತ್ತಿದ್ದ. ಕಿವಿಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಅದು ಸುಳ್ಳು ಹೆಮ್ಮೆಯಾಗಿರಲಿಲ್ಲ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ಗುಂಪಿನಲ್ಲಿ ಯಾರ ದನಿ ಎಲ್ಲಿ ತಿರುಗಿತು ಎಂದು ದಾರಿಯಲ್ಲೇ ನಿಂತು ನನಗೆ ತೋರಿಸಿಕೊಡುತ್ತಿದ್ದ. "ಮಾತು ಬಿಡು, ಧಾಟಿ ಕೇಳು," ಎನ್ನುತ್ತಿದ್ದ. ಇವತ್ತಿಗೂ ಹಾಡು ಕೇಳುವಾಗ ನನ್ನ ಕಿವಿ ಅವನು ಕಲಿಸಿದ ಹಾಗೆಯೇ ಕೇಳುತ್ತದೆ. ಅದೂ ನನಗೆ ಸಂತೋಷದ ವಿಷಯವಲ್ಲ.

ನೀಲವ್ವ ಅತ್ತೆ ಕಾಕಾನ ಒಬ್ಬಳೇ ತಂಗಿ. ಮುದ್ದೇಬಿಹಾಳದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಿರಲಿಲ್ಲ. ಆಕೆಯ ಅತ್ತೆ-ಮಾವ, ಮೈದುನರು, ನೆಗೆಣ್ಣಿಯರು ಸೇರಿ ಆಕೆಯನ್ನು ಬಂಜೆ ಅಂದರು. ಸೀಮಂತಕ್ಕೆ ಕರೆಯುತ್ತಿರಲಿಲ್ಲ, ಎಳೆಗೂಸನ್ನು ಕೈಗೆ ಕೊಡುತ್ತಿರಲಿಲ್ಲ. ಆಕೆ ಒಂದು ದಿನವೂ ಎದುರು ಮಾತಾಡಿದವಳಲ್ಲ.

ಒಂದು ಬೇಸಿಗೆಯಲ್ಲಿ ಆಕೆಯ ಗಂಡ ಒಮ್ಮೆಲೇ ತೀರಿಕೊಂಡ. ನಾವು ಇಂಡಿಯಿಂದ ಹೋದಾಗ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಸುತ್ತ ಹೆಂಗಸರು ನಮ್ಮ ಕಡೆಯ ರೂಢಿಯಂತೆ ಹಾಡಿಕೊಂಡು ಅಳುತ್ತಿದ್ದರು. ಅತ್ತೆ ಗಂಡನ ಮೊಣಕಾಲಿಗೆ ತಲೆಯಿಟ್ಟಿದ್ದಳು. ಆಕೆಯ ಹಿಂದೆಯೇ ಕಾಕಾ ಕುಳಿತಿದ್ದ, ಆ ಸೆಖೆಯಲ್ಲೂ ಶಾಲು ಹೊದ್ದು, ತಲೆ ತಗ್ಗಿಸಿ. ತಂಗಿಯ ದುಃಖಕ್ಕೆ ಕುಗ್ಗಿದ್ದಾನೆ ಅಂದುಕೊಂಡೆ. ನಡುವೆ 'ಟಕ್' ಎಂದು ಏನೋ ಸಪ್ಪಳವಾಯಿತು. ಕಾಕಾ ಎದ್ದು ದನದ ಕೊಟ್ಟಿಗೆಯ ಕಡೆ ಹೋಗಿ ತುಸು ಹೊತ್ತಿಗೆ ಮರಳಿ ಬಂದು ಅಲ್ಲೇ ಕುಳಿತ. ಅಳಲು ಹೋಗಿದ್ದ ಅಂದುಕೊಂಡೆ. ಅವನು ಕ್ಯಾಸೆಟ್ ಮಗುಚಲು ಹೋಗಿದ್ದ.

ಅದು ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ. ಸಿಂದಗಿಯ ಇಬ್ಬರು ವ್ಯಾಪಾರಿಗಳು ಮನೆಗೆ ಬಂದಿದ್ದರು. ಕಾಕು ಅವಲಕ್ಕಿ ಚೂಡಾ, ಚಹಾ ಕೊಟ್ಟಿದ್ದಳು. "ಒಂದ ಚೀಜ್ ಕೇಳಸ್ತೇನಿ, ಸುಮ್ನ ಕುಂದರ್ರಿ," ಎಂದು ಕಾಕಾ ಗುಂಡಿ ಒತ್ತಿದ. ನೀಲವ್ವ ಅತ್ತೆಯ ದನಿ ಬಂತು. ಬೇರೆ ಹೆಂಗಸರ ಅಳು ದೂರದಲ್ಲಿ, ಅತ್ತೆಯದು ಕಿವಿಗೇ ಹೇಳಿದಷ್ಟು ಹತ್ತಿರ.

"ಊರೆಲ್ಲ ಬಂಜಿ ಅಂದಾಗ ತಲಿಬಾಗಿ ನಿಂತೆನಲ್ಲೋ ನನ ದೊರಿಯೇ,
ನಿನ್ನ ಕೊರತಿ ನನ್ನ ಸೆರಗಿನ್ಯಾಗ ಗಂಟ ಹಾಕ್ಕೊಂಡೆ ನನ ದೊರಿಯೇ,
ಸೊಲ್ಲಾಪುರದ ಡಾಕ್ಟರ್ ಹೇಳಿದ್ದು ನಾವಿಬ್ಬರ ಕೇಳಿದ್ದೆವಲ್ಲೋ..."

ಸುತ್ತಲಿನ ಅಳುವಿನಲ್ಲಿ ಯಾರಿಗೂ ಕೇಳಿಸದೆಂದು ಆಕೆ ಸತ್ತ ಗಂಡನೊಬ್ಬನಿಗೇ ಹೇಳಿದ ಮಾತು ಅದು. ವ್ಯಾಪಾರಿಗಳಲ್ಲಿ ಒಬ್ಬ ಚೂಡಾ ಅಗಿಯುತ್ತಲೇ, "ವಾಹ್, ಏನ್ ಗಂಟಲ್ರಿ!" ಎಂದ. ಇನ್ನೊಬ್ಬ ಮೀಸೆಯಲ್ಲೇ ನಕ್ಕು, "ಅಂದ್ರ ಕೊರತಿ ಗಂಡಗಿತ್ತೇನ್ರಿ?" ಎಂದು ಕೇಳಿದ.

"ಮಾತು ಬಿಡ್ರಿ," ಎಂದ ಕಾಕಾ, ಕಣ್ಣು ಮುಚ್ಚಿಕೊಂಡು. "ಧಾಟಿ ಕೇಳ್ರಿ, ಧಾಟಿ." ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಾಯಿಯ ಅಂಚಿನಿಂದ ಎಲೆಯ ರಸವೂ ಇಳಿಯುತ್ತಿತ್ತು. ಎರಡನ್ನೂ ಒಂದೇ ಸಲಕ್ಕೆ ಒರೆಸಿಕೊಂಡ. ನಾನು ಎದ್ದು ಹಿತ್ತಲಿಗೆ ಹೋಗಿ ಕುಡಿದ ಚಹಾ ಕಾರಿಕೊಂಡೆ.

ನಗುವ ಮಾತಿಗೆ ಕಾಲು ಬೇಗ. ಮುದ್ದೇಬಿಹಾಳದ ಕಡೆಗೂ ಸುದ್ದಿ ಮುಟ್ಟಿತು. "ಸತ್ತ ಮ್ಯಾಲ ನಮ್ಮ ಅಣ್ಣನ ಮಾನ ಕಳದಿ," ಎಂದು ಮೈದುನರು ಅತ್ತೆಯನ್ನು ಮನೆಯಿಂದ ಹೊರಗೆ ಹಾಕಿದರು. ಇಷ್ಟು ವರ್ಷ ಬಂಜೆ ಅಂದವರಲ್ಲಿ ಒಬ್ಬರೂ ತಪ್ಪಾಯಿತು ಅನ್ನಲಿಲ್ಲ.

ಆಕೆ ನೆಟ್ಟಗೆ ಇಂಡಿಗೆ ಬಂದಳು. ಬಾಗಿಲಲ್ಲಿ ಕಾಕು ಕೊಟ್ಟ ನೀರನ್ನು ಮುಟ್ಟಲಿಲ್ಲ. "ಅಣ್ಣಾ, ಹಚ್ಚು. ನಾನೂ ಕೇಳ್ತೇನಿ," ಎಂದಳು. ಕಾಕಾ ಏನೇನೋ ಸಬೂಬು ಹೇಳಿದ. ಆಕೆ ನೆಲದ ಮೇಲೆ ಕುಳಿತು ಕಾಯ್ದಳು. ಕೊನೆಗೆ ಹಚ್ಚಿದ. ಎರಡೂ ಮಗ್ಗಲು ಮುಗಿಯುವವರೆಗೆ ಆಕೆ ರೆಪ್ಪೆ ಅಲುಗಿಸಲಿಲ್ಲ.

"ಇದನ್ನ ಅಳಸಾಕ ಬರ್ತೈತೇನು?"

"ಬರ್ತೈತಿ. ಮ್ಯಾಲ ಬ್ಯಾರೆ ತುಂಬಿದ್ರ ಕೆಳಗಿಂದು ಹೋಗ್ತೈತಿ."

"ಹಂಗಾರ ನೀ ಮಾತಾಡು. ಯಾಕ ತುಂಬ್ಕೊಂಡಿ, ಹೇಳು. ಪೂರಾ ಅಳಿಯೂತನಾ ಹೇಳು."

ಕಾಕಾ ಕೆಂಪು ಗುಂಡಿ ಒತ್ತಿದ. "ನೀಲವ್ವ..." ಎಂದ. "ನಿನ್ನ ದನಿ..." ಎಂದ. ಬಸ್ಸಿನಲ್ಲಿ, ಸಂತೆಯಲ್ಲಿ, ಸತ್ತವರ ಮನೆಯಲ್ಲಿ ಎಲ್ಲರ ಮಾತು ತುಂಬಿಕೊಂಡವನಿಗೆ ತನ್ನದೊಂದು ಮಾತು ಸಿಗಲಿಲ್ಲ. ಕ್ಯಾಸೆಟ್ ತಿರುಗುತ್ತಲೇ ಇತ್ತು. ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ರೂಢಿಯಂತೆ ಅವನ ಕೈ ತಂಬಾಕಿನ ಚೀಲಕ್ಕೆ ಹೋಗಿ ಹಾಗೇ ನಿಂತಿತು. ಎರಡೂ ಮಗ್ಗಲು ಮುಗಿದ ಮೇಲೆ ಅತ್ತೆ, "ಹಚ್ಚು, ಏನ್ ಉಳದೈತಿ ನೋಡೂಣು," ಎಂದಳು. ಕಾಕಾನ ಉಸಿರು, ಓಣಿಯಲ್ಲಿ ಹೋದ ಚಕ್ಕಡಿಯ ಸಪ್ಪಳ, ಇಷ್ಟೇ ಇತ್ತು. ಆಕೆ ಎದ್ದು, ಉಣ್ಣದೆ ಹೊರಟು, ಬಸವನ ಬಾಗೇವಾಡಿಯ ಬಳಿಯ ನಮ್ಮೂರಿಗೆ, ತಾಯಿಯಾದ ನಮ್ಮ ಅಜ್ಜಿಯ ಹತ್ತಿರ ಹೋದಳು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮರುವರ್ಷ ನನಗೆ ಸಿಂದಗಿಯ ಕಡೆ ಶಾಲಾ ಶಿಕ್ಷಕಿಯ ನೌಕರಿ ಸಿಕ್ಕಿತು. ಒಂದು ದಿನ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಗಲ್ಲಾಪೆಟ್ಟಿಗೆಯ ಮೇಲಿನ ಟೇಪಿನಿಂದ ನೀಲವ್ವ ಅತ್ತೆ ಅಳುತ್ತಿದ್ದಳು. ತೊಗರಿ ಮಾರಲು ಬಂದ ಇಬ್ಬರು ಟೇಬಲ್ಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು.

"ಇದನ್ನ ಬಂದ್ ಮಾಡ್ರಿ," ಎಂದೆ.

"ಯಾಕ್ರಿ ಅಕ್ಕಾರ? ಗಿರಾಕಿ ಕೇಳಿ ಹಚ್ಚಸ್ತಾರ. ಇಂಡಿ ಲಿಂಬಿ ಸಾವಕಾರ್ರ ಕ್ಯಾಸೆಟ್ಟಿನಿಂದ ನಕಲು ಇಳಿಸಿದ್ದು ಐತಿ," ಎಂದ ಹೋಟೆಲಿನವನು, ಹೊಗಳಿಕೆಯ ದನಿಯಲ್ಲೇ.

ಅದೇ ಬಸ್ಸಿಗೆ ಇಂಡಿಗೆ ಹೋದೆ. ಕಾಕಾ ಅಡ್ಡಿಯಿಲ್ಲದೆ ಒಪ್ಪಿಕೊಂಡ. ಚೂಡಾ ತಿಂದು ಹೋದ ವ್ಯಾಪಾರಿಯ ಬಳಿಯೂ ಅಂಥದೇ ಯಂತ್ರವಿತ್ತು. ಮರುವಾರವೇ ಕ್ಯಾಸೆಟ್ ಒಯ್ದು ಇಳಿಸಿಕೊಂಡು ತಂದುಕೊಟ್ಟಿದ್ದ. ಅತ್ತೆ ಬರುವ ಮೊದಲೇ.

"ಅಂದ್ರ ಆಕಿ ಮುಂದ ಅಳಸೂಮುಂದ ನಿನಗ ಗೊತ್ತಿತ್ತು?"

"ಗೊತ್ತಿತ್ತವ್ವ."

"ಹೇಳಬೇಕಿತ್ತಲ್ಲ?"

"ಆಕಿ ಸಮಾಧಾನ ಆಗಿ ಹೊಂಟಿದ್ಳು. ಹೆಂಗ ಹೇಳ್ಲಿ?" ನನ್ನ ಮುಖ ನೋಡದೆ ಕೇಳಿದ, "ಆ ಸಿಂದಗ್ಯಾಂದು... ದನಿ ಚಲೋ ಬಂದೈತೇನು?"

ಎಂಥ ಮನುಷ್ಯ! ಅವನ ಕೈಯ ನೀರೂ ಬೇಡವೆನಿಸಿತು. ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಅತ್ತೆಗೆ ನಾನು ಹೇಳಲಿಲ್ಲ. ಹೇಳುವವರಿಗೇನು ಬರ. ಬಾಗೇವಾಡಿಯ ಸಂತೆಯಲ್ಲಿ ಬದನೆಕಾಯಿ ಮಾರುವ ಹೆಂಗಸು ಅತ್ತೆಯ ದನಿ ಕೇಳಿದ್ದೇ ದಿಟ್ಟಿಸಿ ನೋಡಿ, "ಟೇಪಿನ್ಯಾಗ ಅಳಾಕಿ ನೀನ ಏನವ್ವ?" ಎಂದಳಂತೆ. ಅಂದಿನಿಂದ ಅತ್ತೆ ಸಂತೆಗೆ ಹೋಗುವುದನ್ನು ಬಿಟ್ಟಳು. ಮನೆಯಲ್ಲೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದಳು.

ಅದರ ಮುಂದಿನ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಹೆಂಗಸರೆಲ್ಲ ಹಾಡಿಕೊಂಡು ಅಳುತ್ತಿದ್ದರು. ಅತ್ತೆ ಮಾತ್ರ ತಾಯಿಯ ಪಕ್ಕದಲ್ಲಿ ಕುಳಿತು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಕತ್ತಿನ ನರಗಳು ಉಬ್ಬಿದ್ದವು, ದನಿಯಿರಲಿಲ್ಲ. ಮಧ್ಯಾಹ್ನ ಕಾಕಾ ಬಂದ. ತಾಯಿಯ ಪಾದ ಮುಟ್ಟಿ, ತಂಗಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತ. ಹೆಗಲ ಮೇಲಿನ ಶಾಲು ತೆಗೆದು ಎಲ್ಲರೆದುರು ಕೊಡವಿದ. ಅಂಗಿಯ ಜೇಬು ಹೊರಗೆಳೆದು ತೋರಿಸಿದ.

"ಅಳವ್ವ ನೀಲವ್ವ. ಅವ್ವ ಹೋಗ್ಯಾಳ, ಅಳು. ನಾ ಏನೂ ತಂದಿಲ್ಲ."

ಅತ್ತೆ ಅವನನ್ನು ನೋಡಿದಳು. ಖಾಲಿ ಬಗಲನ್ನು ನೋಡಿದಳು. ಆಮೇಲೆ ಅವನ ಹಿಂದೆ ಕುಳಿತವರನ್ನು, ಕಿಟಕಿಯನ್ನು, ಬಾಗಿಲಲ್ಲಿ ನಿಂತವರ ಕೈಗಳನ್ನು ಒಂದೊಂದಾಗಿ ನೋಡಿದಳು. ಸೆರಗನ್ನು ಇನ್ನಷ್ಟು ಒಳಗೆ ತುರುಕಿಕೊಂಡಳು.

ಕಾಕಾ ಜೇಬನ್ನು ಒಳಗೆ ಹಾಕುವುದನ್ನೂ ಮರೆತು ಎದ್ದು ಹೊರಗೆ ನಡೆದ. ನಾನು ಅವನನ್ನು ಕಂಡದ್ದು ಅದೇ ಕೊನೆ. ಮಣ್ಣು ಕೊಟ್ಟು ಬರುವವರೆಗೂ ಆ ಮನೆಯಲ್ಲಿ ಮಗಳ ದನಿ ಕೇಳಿಸಲಿಲ್ಲ.