ಕೋವಿಯ ಒಂದೇ ಸದ್ದು

ಲಂಡನ್ನಿನ ನಮ್ಮ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕಸ ಎಳೆಯುವ ಹೂವರ್ ಇದೆ, ಅಕ್ಕಿಯ ಮೂಟೆ ಇದೆ, ಅದರ ಹಿಂದೆ ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಕಪಾಟಿದೆ. ಕಪಾಟಿನೊಳಗೆ ನನ್ನ ಗಂಡನ ಕೋವಿ. ಪೊಲೀಸರ ಕಡೆಯಿಂದ ಒಬ್ಬರು ಬಂದು, ಬೀಗ ಎಳೆದು ನೋಡಿ, ನನ್ನನ್ನೂ ಕೂರಿಸಿ ಮಾತಾಡಿಸಿ, ಚಹಾ ಕುಡಿದು ಹೋದಮೇಲೆ ಲೈಸೆನ್ಸ್ ಬಂತು. ಆ ಗೂಡಿನ ಬಾಗಿಲನ್ನು ಮಾತ್ರ ನಾನು ತೆರೆಯುವುದಿಲ್ಲ. ಹೂವರ್ ಬೇಕಾದರೆ ಮಗಳನ್ನು ಕರೆಯುತ್ತೇನೆ, ಅಕ್ಕಿ ಬೇಕಾದರೆ ಅವನನ್ನು. ನನಗೆ ಬೆನ್ನುನೋವು ಎಂದು ಮಗಳು ತಿಳಿದಿದ್ದಾಳೆ. ದಿನವಿಡೀ ಆಸ್ಪತ್ರೆಯಲ್ಲಿ ಬೇರೆಯವರ ಬೆನ್ನು ಸರಿಮಾಡುವುದೇ ನನ್ನ ಕೆಲಸ.

ಗಂಡ ಮೈಸೂರಿನವನು, ಕಂಪ್ಯೂಟರ್ ಕೆಲಸ. ಹಲ್ಲಿ ಕಂಡರೆ ಅಮ್ಮನನ್ನು ಕೂಗುತ್ತಿದ್ದವನು ಎಂದು ನನ್ನ ಅತ್ತೆಯೇ ಹೇಳಿದ್ದಾರೆ. ಆಫೀಸಿನ ಗೆಳೆಯನೊಬ್ಬನ ಜೊತೆ ಒಂದು ಭಾನುವಾರ, ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳನ್ನು ಗುಂಡಿಕ್ಕಿ ಒಡೆಯುವ ಕ್ಲಬ್ಬಿಗೆ ಹೋದ. ಆಮೇಲೆ ಟೋಪಿ ಬಂತು, ಮೇಣದ ವಾಸನೆಯ ಜಾಕೆಟ್ ಬಂತು, ಕೊನೆಗೆ ಕೋವಿಯೇ ಬಂತು. ನಾನು ಬೇಡವೆಂದೆ. ಕೊಡಗಿನವಳಾಗಿ ನೀನು ಹೀಗೆ ಹೇಳಬಹುದೇ ಎಂದ.

ಅಲ್ಲೇ ಇರುವುದು ನನ್ನ ಕಷ್ಟ. ಊರಲ್ಲಿ ನಮ್ಮ ಜನಕ್ಕೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಆಗಾಗ ಯಾರೋ ಅದನ್ನು ತೆಗೆಯಿರಿ ಅನ್ನುತ್ತಾರೆ, ನಮ್ಮವರು ಒಂದಾಗಿ ಎದ್ದು ನಿಲ್ಲುತ್ತಾರೆ. ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ನನ್ನ ಗಂಡ ಇದನ್ನೆಲ್ಲ ನನಗಿಂತ ಚೆನ್ನಾಗಿ ಹೇಳುತ್ತಾನೆ. ರೇನರ್ಸ್ ಲೇನ್‌ನಲ್ಲಿ ಕನ್ನಡದವರ ಊಟಕ್ಕೆ ಹೋದರೆ, ಧಾರವಾಡದ ಡಾಕ್ಟರುಗಳು ಬಾಯಿ ತೆರೆದುಕೊಂಡು ಕೇಳುವಂತೆ ಹೇಳುತ್ತಾನೆ. ನಾನು ಪಲ್ಯ ಬಡಿಸುತ್ತಾ ನಗುತ್ತೇನೆ.

ಕಳೆದ ವರ್ಷ ಇಲ್ಲಿಯ ಸರ್ಕಾರ ಈ ಬಗೆಯ ಕೋವಿಗಳ ನಿಯಮವನ್ನೂ ರೈಫಲ್‌ಗಳಷ್ಟೇ ಬಿಗಿ ಮಾಡುವ ಮಾತೆತ್ತಿತು. ಕ್ಲಬ್ಬಿನವರು ಕೆಂಡವಾದರು. ಊರ ಹಾಲ್‌ನಲ್ಲಿ ಸಭೆ ಇಟ್ಟು, ಕೌನ್ಸಿಲ್‌ನವರನ್ನೂ ಪಾರ್ಲಿಮೆಂಟ್ ಸದಸ್ಯರ ಕಚೇರಿಯವರನ್ನೂ ಕರೆದರು. ಮಾತಾಡಲು ಇವನೇ ಆಗಬೇಕೆಂದರು. ಎಲ್ಲ ಒಂದೇ ಥರದ ಬಿಳಿ ಮುಖಗಳಿದ್ದರೆ ಯಾರೂ ಕೇಳುವುದಿಲ್ಲ ಎಂದು ಅವರಿಗೆ ಗೊತ್ತು. ಇವನು ಉಬ್ಬಿಹೋದ. ನೀನು ಸೀರೆ ಉಟ್ಟು ಮುಂದೆ ಕೂತರೆ ಸಾಕು, ಮಾತಾಡಬೇಕಾಗಿಲ್ಲ ಎಂದ. ಸೀರೆಯನ್ನು ನಮ್ಮ ಕಡೆಯವರ ಹಾಗೆ, ನೆರಿಗೆ ಹಿಂದಕ್ಕೆ ಹಾಕಿ ಉಡಬೇಕಂತೆ. ಮ್ಯೂಸಿಯಂ ಬೊಂಬೆಯ ಹಾಗೆ ಉಟ್ಟುಕೊಂಡು ಹೋಗಿ ಕೂತೆ.

ಚೆನ್ನಾಗಿಯೇ ಮಾತಾಡಿದ. ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು ಎಂದಾಗ ಹಾಲ್ ತುಂಬ ಮೆಚ್ಚುಗೆಯ ನಗು. ಯಾರದೋ ಫೋನು ಇವನನ್ನು ಚಿತ್ರೀಕರಿಸುತ್ತಿತ್ತು. ನನ್ನ ಹೆಂಡತಿಯ ಮನೆಯಲ್ಲಿ ತಲೆಮಾರುಗಳಿಂದ ಕೋವಿ ಗೋಡೆಯ ಮೇಲಿದೆ, ಅದರಿಂದ ಯಾರ ಕೂದಲೂ ಕೊಂಕಿಲ್ಲ ಎಂದ. ನನ್ನ ಕಡೆ ಕೈ ತೋರಿಸಿ ಎದ್ದು ನಿಲ್ಲಲು ಸನ್ನೆ ಮಾಡಿದ. ನಿಂತೆ. ಚಪ್ಪಾಳೆ ಬಿತ್ತು.

ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣ, ಆ ಗೋಡೆಯ ಮೇಲಿದ್ದ ಕೋವಿಯಿಂದಲೇ ಸತ್ತದ್ದು. ನಾವೆಲ್ಲ ಒಂದೇ ಮನೆಯಲ್ಲಿ ಬೆಳೆದವರು. ಹಂದಿ ಬರುತ್ತಿದ್ದ ಗದ್ದೆಯಿಂದ ದೊಡ್ಡಪ್ಪ ಬಂದು, ಗುಂಡು ತೆಗೆಯಲು ಮರೆತು ಕೋವಿಯನ್ನು ನೇತುಹಾಕಿದ್ದರು. ಮಾರನೆಯ ದಿನ ಹಬ್ಬಕ್ಕೆ ಒರೆಸಿಡಲೆಂದು ಅಣ್ಣ ಅದನ್ನು ಇಳಿಸಿದ. ನಾನು ಹಿತ್ತಲಲ್ಲಿ ಹೂ ಕೀಳುತ್ತಿದ್ದೆ. ಒಂದೇ ಸದ್ದು. ಪಕ್ಕದ ತೋಟದ ಅಜ್ಜಿ ಬೇಲಿಯ ಹತ್ತಿರ ಬಂದು, ನಗುತ್ತಾ, ಯಾರಿಗೆ ಗಂಡುಮಗು ಆಯಿತು ಎಂದು ನನ್ನನ್ನು ಕೇಳಿದಳು. ಒಳಗೆ ಏನಾಗಿದೆಯೆಂದು ನನಗಿನ್ನೂ ತಿಳಿದಿರಲಿಲ್ಲ, ನಾನೂ ನಕ್ಕೆ.

ಪೊಲೀಸರ ಕೆಲಸವೆಲ್ಲ ಮುಗಿದ ಮೇಲೆ ಹಿರಿಯರು ಮಕ್ಕಳನ್ನು ಕೂರಿಸಿ, ಇದನ್ನು ಹೊರಗಿನವರ ಮುಂದೆ ಆಡಬೇಡಿ ಎಂದರು. ವಿನಾಯಿತಿ ತೆಗೆಯಲು ಕಾದಿರುವವರ ಬಾಯಿಗೆ ನಾವೇ ಮಾತು ಹಾಕಿದಂತಾಗುತ್ತದೆ. ದೊಡ್ಡಪ್ಪನಿಗೂ ಅದೇ ಬೇಕಿತ್ತು ಪಾಪ. ದೊಡ್ಡಮ್ಮನನ್ನು ಯಾರೂ ಕೇಳಿದ ನೆನಪಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಗಂಡನಿಗೆ ಹೇಳಿದ್ದೆ. ಅವನು ನನ್ನ ಕೈ ಹಿಡಿದುಕೊಂಡು ಕೇಳಿದ್ದ. ಮರೆಯುವವನಲ್ಲ ಅವನು.

ಹಾಲ್‌ನಲ್ಲಿ ಚಪ್ಪಾಳೆ ಮುಗಿದು ನಾನು ಇನ್ನೇನು ಕೂರಬೇಕು, ಹಿಂದಿನ ಸಾಲಿನಲ್ಲಿ ವಯಸ್ಸಾದ ಹೆಂಗಸೊಬ್ಬಳು ಎದ್ದಳು. ಮಳೆಕೋಟು ಹಾಕಿಕೊಂಡೇ ಇದ್ದಳು. ಅವಳು ಇವನನ್ನು ನೋಡಲೇ ಇಲ್ಲ.

"ನಾನು ನಿಮ್ಮನ್ನು ಕೇಳುತ್ತಿದ್ದೇನೆ, ನಿಮ್ಮ ಗಂಡನನ್ನಲ್ಲ. ನಿಮ್ಮ ಮನೆಯಲ್ಲಿ ಯಾವತ್ತೂ ಏನೂ ಆಗಿಲ್ಲವೇ?"

ಗಂಡನ ಮುಖ ನೋಡಿದೆ. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಅವನ ಮಾನ ಉಳಿಸಬೇಕು ಅನ್ನಿಸಿತು, ನಮ್ಮ ಮನೆಯದೂ, ಊರಿನದೂ. ಇಷ್ಟೆಲ್ಲವನ್ನೂ ಉಳಿಸಲು ಒಂದು ಮಾತು ಸಾಕಿತ್ತು.

"ಇಲ್ಲ," ಅಂದೆ. "ಯಾವತ್ತೂ ಇಲ್ಲ."

ಅವಳು ಥ್ಯಾಂಕ್ಯೂ ಎಂದು ಕೂತಳು. ನನ್ನನ್ನು ನಂಬಿದಳು, ಅದು ಅವಳ ಮುಖದಲ್ಲೇ ಕಂಡಿತು. ನಾಚಿಕೆಯಿಂದ ನನಗೆ ಕಿವಿಯವರೆಗೂ ಬಿಸಿಯಾಯಿತು. ಮತ್ತೆ ಚಪ್ಪಾಳೆ ತಟ್ಟಿದರು, ಮೊದಲಿಗಿಂತ ಜೋರಾಗಿ.

ಕಾರಿನಲ್ಲಿ ಜಗಳವಾಡಿದೆ. ನನ್ನ ಜಗಳಕ್ಕೆ ನನ್ನಲ್ಲೇ ಬಲವಿರಲಿಲ್ಲ, ಸುಳ್ಳು ಹೇಳಿದವಳು ನಾನೂ ತಾನೆ. ಅವನು ಮೆತ್ತಗೆ ಹೇಳಿದ, "ಅದು ಕೋವಿ ತಪ್ಪಲ್ವಲ್ಲೇ. ನಿಮ್ ದೊಡ್ಡಪ್ಪ ಮರೆತದ್ದು." ನಮ್ಮ ಹಿರಿಯರೂ ಅವತ್ತು ಹೀಗೆಯೇ ಹೇಳಿದ್ದರು.

ಅವನಿಗೆ ಆ ವಿಡಿಯೋ ಯಾರೋ ಕಳಿಸಿಕೊಟ್ಟರು. ಅವನು ಅದನ್ನು ಹಿಂದುಮುಂದು ನೋಡದೆ ನನ್ನ ತವರಿನ ವಾಟ್ಸಾಪ್ ಗುಂಪಿಗೆ ಹಾಕಿದ. ನಮ್ಮ ಹಕ್ಕಿನ ಬಗ್ಗೆ ಲಂಡನ್ನಿನಲ್ಲಿ ಮಾತಾಡಿದ್ದಾನೆಂದು ಎಲ್ಲರಿಗೂ ಖುಷಿ. ಹೆಬ್ಬೆರಳೆತ್ತಿದ ಚಿತ್ರಗಳು ಬಂದವು, ಅಳಿಯನಿಗೆ ಶಭಾಷ್ ಬಂತು. ದೊಡ್ಡಮ್ಮನಿಂದ ಏನೂ ಬರಲಿಲ್ಲ. ಅವರಿಗೆ ಇಂಗ್ಲಿಷ್ ತಿಳಿಯದು ಎಂದು ಸಮಾಧಾನ ಮಾಡಿಕೊಂಡೆ. ಇದೂ ಹೇಳಲು ನಾಚಿಕೆಯಾಗುವ ಸಮಾಧಾನವೇ.

ಶನಿವಾರ ಬೆಳಿಗ್ಗೆ ದೊಡ್ಡಮ್ಮನೇ ಫೋನ್ ಮಾಡಿದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ದೋಸೆ ಹುಯ್ಯುತ್ತಿದ್ದೆ, ಅವನೂ ಮಗಳೂ ಮೇಜಿನ ಮುಂದಿದ್ದರು. ಅಲ್ಲಿ ಚಳಿ ಶುರುವಾಯಿತೇ ಎಂದು ವಿಚಾರಿಸಿದರು, ಮಗಳ ಓದು ಕೇಳಿದರು. ವಿಡಿಯೋ ನೋಡಿದೆ, ಸೊರಗಿದ್ದೀಯೆ, ಉಟ್ಟಿದ್ದು ನಾನು ಕೊಟ್ಟ ಸೀರೆ ಅಲ್ಲವೇ ಎಂದರು. ಹೌದೆಂದೆ. ನೀವು ಮಾತಾಡಿದ್ದಕ್ಕೆಲ್ಲ ಪಕ್ಕದ ಮನೆಯ ಟೀಚರ್ ಕೈಯಲ್ಲಿ ಅರ್ಥ ಹೇಳಿಸಿಕೊಂಡೆ ಎಂದರು. ನಾನು ಒಲೆ ಆರಿಸಿದೆ.

ಆಮೇಲೆ ಅವರು ಕೇಳಿದ್ದೂ ನಮ್ಮ ಕೊಡವ ಮಾತಿನಲ್ಲೇ. ದನಿಯಲ್ಲಿ ಸಿಟ್ಟಿರಲಿಲ್ಲ, ಕಾಣೆಯಾದ ಪಾತ್ರೆ ವಿಚಾರಿಸಿದ ಹಾಗಿತ್ತು.

"ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ ಅಂದೆಯಂತಲ್ಲ. ಹಾಗಾದರೆ ನನ್ನ ಮಗ ನಮ್ಮ ಮನೆಯಲ್ಲಿ ಇರಲೇ ಇಲ್ಲವಾ?"

ಗಂಡ ತಟ್ಟೆಯಿಂದ ತಲೆಯೆತ್ತಿದ. ಅವನಿಗೆ ಆ ಮಾತು ಅಷ್ಟಾಗಿ ಬಾರದು, ಆದರೂ ನನ್ನ ಮುಖ ನೋಡಿ ತಿಳಿದಿರಬೇಕು. ಮಗಳಿಗೆ ಅಂಥ ಮಾವನೊಬ್ಬನಿದ್ದ ಎಂದು ನಾನು ಹೇಳಿಯೇ ಇಲ್ಲ.

"ಇದ್ದ, ದೊಡ್ಡಮ್ಮ," ಅಂದೆ.

"ಅಷ್ಟನ್ನು ಅಲ್ಲಿ ಹೇಳಬಹುದಿತ್ತು ನೀನು," ಅಂದರು.