ಗಲ್ಲಾಪೆಟ್ಟಿಗೆಗೆ ಕಟ್ಟಿದ ತೆನೆ

ಒಂದು ಭತ್ತದ ತೆನೆಗೆ ನಾನು ತೆತ್ತ ಬೆಲೆ ಒಂದು ವರ್ಷದ ಮಸಾಲೆ ದೋಸೆ, ಜೊತೆಗೆ ಕಾಫಿ. ಚೌಕಾಸಿಯಲ್ಲಿ ತರಕಾರಿಯವರ ಬೆವರಿಳಿಸುತ್ತಿದ್ದ ನನಗೆ ಹೀಗಾದದ್ದು ನನ್ನ ಅಮ್ಮನಿಂದ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಊರಿಂದ ದೂರದ ಮಹಾನಗರದಲ್ಲಿ, ವಿಕ್ರೋಳಿಯ ಕಾರ್ಖಾನೆಗಳ ಮಗ್ಗುಲಲ್ಲಿ ನನ್ನ ಹೋಟೆಲು. ಹಿತ್ತಿಲಲ್ಲಿ ಬಿಳಿ ಪಂಚೆ ಒಣಹಾಕಿದರೆ ಸಂಜೆಗೆ ಬೂದು ಪಂಚೆ. ಅದನ್ನು ನೋಡಿ ಹಿಗ್ಗಿದವರು ಧಾರವಾಡ ಕಡೆಯ ಒಬ್ಬ ಭತ್ತದ ತಜ್ಞರು. ಹೊಗೆಗೂ ಪೈರು ಸುಡುವ ಬೆಂಕಿರೋಗಕ್ಕೂ ಬಗ್ಗದ ತಳಿ ಬೆಳೆಸುವ ಹುಚ್ಚು ಅವರಿಗೆ.

"ಇಂಥಾ ಹೊಲಸು ಗಾಳಿ ಎಲ್ಲೂ ಸಿಕ್ಕಿಲ್ರೀ!" ಎಂದರು.

ಹೊಗಳಿಕೆ ಎಂದುಕೊಂಡು ಹಿತ್ತಿಲನ್ನೂ ಖಾಲಿ ಎಣ್ಣೆ ಡಬ್ಬಗಳನ್ನೂ ಕೊಟ್ಟೆ. ಬಾಡಿಗೆ ಬೇಡ, ತಳಿ ಗೆದ್ದರೆ ಮೊದಲ ಮೂಟೆ ನನಗೆ ಎಂದು ಮಾತಾಯಿತು.

ಅವರು ಡಬ್ಬಕ್ಕೊಂದು ತಳಿ ಬಿತ್ತಿದರು. ರೋಗ ಹತ್ತಿದ ಎಲೆಗಳನ್ನು ತಾವೇ ತಂದು ನಡುವೆ ಹರಡಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಪೈರುಗಳೆಲ್ಲ ಸುಟ್ಟ ಹಪ್ಪಳದಂತಾದವು. ಒಂದೇ ಡಬ್ಬದ್ದು ಹಸುರಾಗಿ ನಿಂತು ತೆನೆ ಬಿಟ್ಟು ಬಲಿಯಿತು. ಮುಂದಿನ ಬಿತ್ತನೆಗೆ ಅವರಿಗಿದ್ದದ್ದು ಅಷ್ಟೇ ಬೀಜ.

ಆಗ ಊರಿನಿಂದ ಅಮ್ಮ ಬಂದಳು. ನವರಾತ್ರಿಯ ಒಂದು ಬೆಳಿಗ್ಗೆ ನಾನು ಮಾರ್ಕೆಟ್ಟಿನಿಂದ ಬಂದು ನೋಡಿದರೆ ಬಾಗಿಲಿಗೆ, ರುಬ್ಬುವ ಕಲ್ಲಿಗೆ, ಗಲ್ಲಾಪೆಟ್ಟಿಗೆಗೆ ಮಾವಿನೆಲೆಯಲ್ಲಿ ಸುತ್ತಿದ ತೆನೆ! ಹೊಸ ಪೈರನ್ನು ಹೀಗೆ ಮನೆ ತುಂಬಿಸಿಕೊಳ್ಳುವುದು ನಮ್ಮ ಉಡುಪಿ ಕಡೆಯ ಪದ್ಧತಿ. ಅಮ್ಮ ಕೊಯ್ದದ್ದು, ಇನ್ನೇನು, ಇದ್ದುದರಲ್ಲಿ ಚೆನ್ನಾಗಿದ್ದ ಪೈರನ್ನು.

ತಜ್ಞರು ಬಂದವರೇ ಬೋಳು ಡಬ್ಬದ ಮುಂದೆ ಕುಕ್ಕರಿಸಿದರು. "ಅವ್ವಾರ, ನನ್ನ ಬೀಜರೀ ಅದು! ಬಿಚ್ಚಿ ಕೊಡ್ರೀ."

"ಒಳಗೆ ಬಂದ ತೆನೆ ಹೊರಗೆ ಹಾಕ್ಲಿಕ್ಕುಂಟಾ? ಎಂತ ಮಾತು ಮಾರಾಯ್ರೆ!" ಎಂದಳು ಅಮ್ಮ.

"ಹೊಗಿಗೆ ಬಗ್ಗದ್ದು ನಿಮ್ಮ ಕೈಗೆ ಬಗ್ಗಿತಲ್ರೀ!"

ಅಮ್ಮನ ಹತ್ತಿರ ನನ್ನ ಚೌಕಾಸಿ ನಡೆಯಲಿಲ್ಲ. ಅದನ್ನು ನಾನು ಕಲಿತದ್ದೇ ಅವಳಿಂದ. ಕೊನೆಗೆ ಅವಳೇ ದಾರಿ ತೋರಿಸಿದಳು. "ಹೊಸ ಅಕ್ಕಿ ಊಟಕ್ಕೆ ಕೂತ್ಕೊಳ್ಳಿ. ಉಂಡ್ರೆ ನೀವೂ ಮನೆಯವ್ರೇ. ಮನೆಯವ್ರಿಗೆ ಕೊಟ್ರೆ ಹೊರಗೆ ಹಾಕಿದ ಹಾಗಾಗುದಿಲ್ಲ." ಪಾಯಸಕ್ಕೆ ಆ ಭತ್ತದ ನಾಲ್ಕು ಕಾಳು ಬಿದ್ದಾಗ ತಜ್ಞರ ಮುಖ ನೋಡಲಾಗಲಿಲ್ಲ. ಉಂಡೆದ್ದ ಮೇಲೆ ತೆನೆಗಳೆಲ್ಲ ಅವರಿಗೆ ಸಿಕ್ಕವು, ಗಲ್ಲಾಪೆಟ್ಟಿಗೆಯದೊಂದು ಬಿಟ್ಟು. ಅದನ್ನು ಮುಂದಿನ ತೆನೆ ಬರುವವರೆಗೆ ಬಿಚ್ಚುವಂತಿಲ್ಲ ಎಂದಳು.

"ಹಂಗಾದ್ರ ಅಲ್ಲೀತನಕ ನನಗ ಮಸಾಲೆ ದೋಸೆ, ಕಾಫಿ ಎರಡೂ ಪುಕ್ಕಟ," ಎಂದು ಅವರು ನನ್ನ ಕಡೆ ತಿರುಗಿದರು.

ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ, ಪುಣ್ಯಾತ್ಮ. ಮರುವರ್ಷ ಅದೇ ಹೊಗೆಯಲ್ಲಿ ಆ ಬೀಜ ಮತ್ತೆ ಹಸುರಾಗಿ ಎದ್ದಿತು.

ನಿಮ್ಮ ಹಿತ್ತಿಲಲ್ಲಿ ಯಾರಾದರೂ ಪ್ರಯೋಗದ ಭತ್ತ ಬೆಳೆಯುತ್ತೇನೆಂದರೆ, ಬಾಡಿಗೆಯ ಮಾತಿಗೆ ಮೊದಲೇ ಮನೆಯ ಹಿರಿಯರಿಗೆಂದು ಒಂದು ಡಬ್ಬ ಬೇರೆ ಬಿತ್ತಿಸಿ. ಅದಕ್ಕೆ ಮಾತ್ರ ಹೊಗೆ ತಾಗದಂತೆ ನೋಡಿಕೊಳ್ಳಿ. ಅವರು ಕೊಯ್ಯುವುದು ಚೆನ್ನಾಗಿರುವುದನ್ನೇ.